ಬ್ಯಾಳಿ ಬೇಯದ ನೀರು

“ಈ ನೀರಿಗೆ ಬ್ಯಾಳಿ ಬೇಯಂಗಿಲ್ಲ.” ಯಾದಗಿರಿ, ಶಹಾಪುರ, ಸುರಪುರದ ಕಡೆ ಕೊಳವೆಬಾವಿ ನೀರಿನ ಬಗ್ಗೆ ಅಜ್ಜಿಯರು ಆಡುವ ಮಾತು ಇದು. ತೊಗರಿಯ ಸೀಮೆಯಲ್ಲೇ ತೊಗರಿಬೇಳೆ ಬೇಯದಿದ್ದರೆ ಹೇಗೆ? ಚಿಟಿಕೆ ಅಡುಗೆ ಸೋಡಾ ಹಾಕಿ ಬೇಯಿಸುತ್ತಾರೆ. ಅದೇ ನೀರನ್ನು ಮೊಮ್ಮಗಳು ಬಾಟಲಿಯಲ್ಲಿ ತುಂಬಿಕೊಂಡು ಬಿ.ಎಸ್ಸಿ. ತರಗತಿಗೆ ಹೊರಟರೆ, ಅಡುಗೆಮನೆಯ ಮಾತು ಪ್ರಯೋಗಶಾಲೆಯ ಲೆಕ್ಕವಾಗುತ್ತದೆ.

ಸಣ್ಣ ಊರಿನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆ ಎಂದರೆ ಬ್ಯೂರೆಟ್, ಪಿಪೆಟ್, ಕಲೆಬಿದ್ದ ಮೇಜು, ಮೂಗಿಗೆ ಹೊಡೆಯುವ ಅಮೋನಿಯಾ. ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ಕಷ್ಟ ಪಾಠದ್ದಲ್ಲ, ಭಾಷೆಯದು. ನಿನ್ನೆಯ ಆಮ್ಲಜನಕ ಇಂದು ಆಕ್ಸಿಜನ್. ಹೆದರಬೇಕಿಲ್ಲ, ಎರಡರ ಅರ್ಥವೂ ‘ಆಮ್ಲ ಹುಟ್ಟಿಸುವುದು’ ಎಂದೇ. ಎಲ್ಲ ಆಮ್ಲಗಳಲ್ಲೂ ಅದು ಇದೆಯೆಂದು ನಂಬಿ ಫ್ರಾನ್ಸಿನ ಲವಾಸಿಯೇ ಗ್ರೀಕ್ ಪದಗಳಿಂದ ಆ ಹೆಸರು ಕಟ್ಟಿದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ! ತಪ್ಪು ಗೊತ್ತಾದ ಮೇಲೂ ಹೆಸರು ಉಳಿಯಿತು, ಕನ್ನಡಕ್ಕೂ ಬಂತು.

ಈಗ ಬಾಟಲಿಯ ನೀರಿಗೆ ಬರೋಣ. ಅದರಲ್ಲಿ 50 ಮಿ.ಲೀ. ಅಳೆದು, ಅಮೋನಿಯಾ ಬೆರೆತ ದ್ರಾವಣ ಮತ್ತು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಚೂರು ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಮೇಲಿನ ಬ್ಯೂರೆಟ್‌ನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಂಪು ನೇರಳೆಯಾಗುತ್ತದೆ, ಇನ್ನೊಂದೆರಡು ಹನಿಗೆ ಥಟ್ಟನೆ ನೀಲಿ! ಅವಸರ ಮಾಡಿದವರು ಮತ್ತೆ ಮೊದಲಿನಿಂದ ಮಾಡಬೇಕು. ದ್ರಾವಣ 0.01 ಮೋಲಾರ್ ಇದ್ದರೆ, ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 20 ಮಿ.ಗ್ರಾಂ ಗಡಸುತನ. 15 ಮಿ.ಲೀ. ಇಳಿದರೆ ಎಷ್ಟು? ಮಕ್ಕಳೇ, ಬಾಯಲ್ಲೇ ಲೆಕ್ಕ ಹಾಕಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ.

ಈ ಗಡಸುತನ ಎಲ್ಲಿಂದ ಬಂತು? ಶಹಾಪುರದ ಕಡೆ ನೆಲದಡಿ ಸುಣ್ಣಕಲ್ಲಿದೆ. ಮನೆಗೆ ಹಾಸುವ ಶಹಾಬಾದಿ ಫರಸಿಯೂ ಸುಣ್ಣಕಲ್ಲೇ; ಅದಕ್ಕೇ ಅದರ ಮೇಲೆ ನಿಂಬೆರಸ ಚೆಲ್ಲಿದರೆ ಕಲೆ ಬೀಳುವುದು. ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಬಿಗಿ ಮಾಡುತ್ತದೆ, ಬೇಳೆ ಒಡೆಯುವುದಿಲ್ಲ. ಸೋಡಾ ಆ ಬಿಗಿಯನ್ನು ಸಡಿಲಿಸುತ್ತದೆ. ಅಜ್ಜಿಯ ಮಾತು ಸರಿಯಾಗಿಯೇ ಇತ್ತು.

ಆದರೆ ನಾಲಿಗೆಗೂ ಬೇಳೆಗೂ ಸಿಗದ ಸಂಗತಿಗಳೂ ನೀರಿನಲ್ಲಿರುತ್ತವೆ. ಗ್ರಾನೈಟ್ ನೆಲದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಂದು ಕಲೆ. ಸುರಪುರದ ಕಡೆ ಇನ್ನೂ ಕಠಿಣ ಕತೆ ಇದೆ. ಅಲ್ಲಿ ಮಂಗಳೂರು ಎಂಬ ಹಳ್ಳಿಯಿದೆ (ಕಡಲತೀರದ್ದಲ್ಲ), ಹಿಂದೆ ಚಿನ್ನದ ಗಣಿ ಇದ್ದ ಜಾಗ. ಚಿನ್ನದ ಬಂಡೆಯ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಹಿರಿಯರು ಶಂಖಪಾಷಾಣ ಎನ್ನುತ್ತಿದ್ದ ವಿಷ ಇದರದೇ ಸಂಯುಕ್ತ. ಅದೇ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಜನ ವರ್ಷಗಟ್ಟಲೆ ಆರ್ಸೆನಿಕ್ ಬೆರೆತ ನೀರು ಕುಡಿದರು. ಅಂಗೈ, ಅಂಗಾಲು ಒರಟಾದವು, ಮೈಮೇಲೆ ಕಪ್ಪುಬಿಳಿ ಚುಕ್ಕೆಗಳೆದ್ದವು, ಕೆಲವರಿಗೆ ಚರ್ಮದ ಕ್ಯಾನ್ಸರ್ ಬಂತು. ಆ ನೀರಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 10 ಕೋಟಿ ಪಾಲಿನಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ಗಡಸುತನದಂತೆ ಬ್ಯೂರೆಟ್‌ನಲ್ಲಿ ಹಿಡಿಯಲಾಗದು. ನಿಖರವಾದ ಅಂಕಿ ಬೇಕೆಂದರೆ ದುಬಾರಿ ಯಂತ್ರ ಬೇಕು. ಆದರೆ ಎಚ್ಚರಿಕೆಗೆ ಒಂದು ಕಾಗದದ ಪಟ್ಟಿ ಸಾಕು. ನೀರಿಗೆ ಆಮ್ಲ ಮತ್ತು ಸತು ಹಾಕಿದರೆ ಅಲ್ಲಿರುವ ಆರ್ಸೆನಿಕ್ ಆರ್ಸೀನ್ ಅನಿಲವಾಗಿ ಮೇಲೇಳುತ್ತದೆ. ಬಾಟಲಿಯ ಬಾಯಲ್ಲಿಟ್ಟ ಮರ್ಕ್ಯುರಿಕ್ ಬ್ರೋಮೈಡ್ ಕಾಗದ ಮೊದಲು ಹಳದಿ, ಹೆಚ್ಚಿದ್ದರೆ ಕಂದಾಗುತ್ತದೆ. ಅನಿಲ ವಿಷದ್ದು, ಆದ್ದರಿಂದ ಇದು ಮನೆಯಲ್ಲಿ ಮಾಡುವ ಆಟವಲ್ಲ; ಅಧ್ಯಾಪಕರ ಎದುರೇ ಮಾಡಬೇಕು. ಇದು ಪದವಿ ಓದುವವರ ಕೈಗೆ ಮೀರಿದ ಕೆಲಸವಂತೂ ಅಲ್ಲ. ನನ್ನನ್ನು ಕೇಳಿದರೆ, ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಬೇರೆ ವಿಷಯ ಹುಡುಕಿಕೊಂಡು ಹೋಗುವ ಬದಲು ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಹತ್ತು ಬೋರಿನ ನೀರು ತರಲಿ.

ಬಾಂಗ್ಲಾದೇಶದಲ್ಲಿ ಇಂಥ ಪಟ್ಟಿಗಳನ್ನೇ ಹಿಡಿದು ಲಕ್ಷಾಂತರ ಕೊಳವೆಬಾವಿಗಳನ್ನು ನೋಡಿದರು. ಕೆಟ್ಟ ಪಂಪಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಯಾವ ಪಂಪಿನಲ್ಲಿ ಕೊಡ ತುಂಬಬೇಕೆಂದು ದೂರದಿಂದಲೇ ತಿಳಿಯುತ್ತಿತ್ತು.