ಚೀಟಿ ಬರೆದರೆ ತಪಾಸಣೆ ಆದಂತಲ್ಲ

ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಬರುವ ಹೆಣ್ಣುಮಗಳೊಬ್ಬರು ನನ್ನ ಹಳೆಯ ರೋಗಿ. ವಯಸ್ಸು ಐವತ್ತೈದರ ಆಸುಪಾಸು, ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಹೋಗುತ್ತಿದೆಯೆಂದು ಬೆಳಗಾವಿಯಲ್ಲಿ ತೋರಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟಿದ್ದೆ. ಎರಡು ವರ್ಷದ ನಂತರ ಅವರು ಬಂದಾಗ ಕಾಲು ಬಾತಿದ್ದವು, ಕಣ್ಣಿನ ಸುತ್ತ ಊದಿತ್ತು. ನನ್ನ ಚೀಟಿ ಅವರ ಎಲೆಅಡಿಕೆಯ ಸಂಚಿಯಲ್ಲೇ ಇತ್ತು.

“ಬಸ್ಸಿಗೇನೂ ರೊಕ್ಕ ಇಲ್ಲರೀ ಡಾಕ್ಟರ್ರ. ಆದ್ರ ಒಂದ್ ದಿನದ ಪಗಾರ ಹೋಕ್ಕೈತಿ. ಆವಾಗ ನನಗೇನೂ ತ್ರಾಸ ಇರ್ಲಿಲ್ಲ, ಅದಕ್ಕ ಬಿಟ್ಟೆ” ಎಂದರು. ತಪ್ಪು ಅವರದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಚೀಟಿ ಬರೆದ ಕೂಡಲೇ ನನ್ನ ಕೆಲಸ ಮುಗಿಯಿತೆಂದು ನಾನೂ ಮರೆತಿದ್ದೆ.

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುವಾಗ ಮೊದಮೊದಲು ನೋವಿಲ್ಲ, ಉರಿಯಿಲ್ಲ, ಬಾವೂ ಇಲ್ಲ. ಆಲ್ಬುಮಿನ್ ಎಂಬ ಪ್ರೋಟೀನು ಸ್ವಲ್ಪಸ್ವಲ್ಪವೇ ಸೋರತೊಡಗುತ್ತದೆ, ಅಷ್ಟೆ. ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಅದು 30 ಮಿಲಿಗ್ರಾಂ ಮುಟ್ಟಿತೆಂದರೆ ಎಚ್ಚರಾಗಬೇಕು. ಇಷ್ಟು ಅಲ್ಪ ಪ್ರಮಾಣ ಸಾಮಾನ್ಯ ಮೂತ್ರಪರೀಕ್ಷೆಯ ಪಟ್ಟಿಗೆ ಬಹುಮಟ್ಟಿಗೆ ಸಿಗುವುದಿಲ್ಲ. ಈ ಹಂತದಲ್ಲಿ ಗೊತ್ತಾದರೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಗೆ ತಂದು, ತಕ್ಕ ಮಾತ್ರೆ ಕೊಟ್ಟು, ಹಾನಿಯನ್ನು ಬಹಳಷ್ಟು ತಡೆಯಬಹುದು. ಕಾಲು ಬಾತ ಮೇಲೆ ಆ ಅವಕಾಶ ಕಿರಿದಾಗುತ್ತದೆ.

ಹಾಗಾದರೆ ರೋಗಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಬದಲು ಪ್ರಯೋಗಾಲಯವನ್ನೇ ರೋಗಿಯ ಬಳಿಗೆ ತರಬಾರದೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ನಡೆದಿದೆ. ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಪ್ರೊ. ನವಕಾಂತ ಭಟ್ ಮತ್ತು ಅವರ ಬಳಿ ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದ ವಿನಯ್ ಕುಮಾರ್, ಕೈಯಲ್ಲಿ ಹಿಡಿಯಬಹುದಾದ ಸಲಕರಣೆಯೊಂದನ್ನು ರೂಪಿಸಿದರು. ಅದನ್ನು ಜನರಿಗೆ ತಲುಪಿಸಲು 2015ರಲ್ಲಿ ‘ಪಾಥ್‌ಶೋಧ್’ ಕಂಪನಿ ಹುಟ್ಟಿತು. ಬೇರೆಬೇರೆ ಪಟ್ಟಿಗಳ ಮೇಲೆ ರಕ್ತದ ಅಥವಾ ಮೂತ್ರದ ಹನಿ ಹಾಕಿದರೆ, ಅಲ್ಲಿನ ರಾಸಾಯನಿಕ ಕ್ರಿಯೆಯಿಂದ ಹರಿವ ಸಣ್ಣ ವಿದ್ಯುತ್ತನ್ನು ಸಲಕರಣೆ ಅಳೆಯುತ್ತದೆ. ಸಕ್ಕರೆ, ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಮೂತ್ರದ ಆಲ್ಬುಮಿನ್ ಇವೆಲ್ಲ ಒಂದೇ ಸಲಕರಣೆಯಲ್ಲಿ.

ಹಿಮೋಗ್ಲೋಬಿನ್ ಜೊತೆಗಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅಂಥ ನಾಡಿನಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ವೈದ್ಯನೇ ದಾರಿ ತಪ್ಪಿಯಾನು.

ಆದರೆ ಸಲಕರಣೆ ಅಗ್ಗವಾದ ಮಾತ್ರಕ್ಕೆ ಬಡವರಿಗೆ ದಕ್ಕಿತೆಂದು ನಾನು ನಂಬುವುದಿಲ್ಲ. ಪಟ್ಟಿಗಳು ತೀರಿದರೆ ಯಂತ್ರ ಕಪಾಟಿನ ಪಾಲು. ನಮ್ಮ ಏಪ್ರಿಲ್ ಬಿಸಿಲಿಗೆ ಪಟ್ಟಿ ಕೆಟ್ಟರೆ ಅಂಕಿಯೂ ಕೆಟ್ಟಿತು. ಆಗಾಗ ದೊಡ್ಡ ಪ್ರಯೋಗಾಲಯದ ಫಲಿತಾಂಶದೊಡನೆ ತಾಳೆ ನೋಡದಿದ್ದರೆ ತಪ್ಪು ಅಂಕಿಯನ್ನೇ ನಂಬಿ ಕೂಡುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಯಂತ್ರ ಕೊಳ್ಳುವವರು ಪಟ್ಟಿಗೂ, ತಾಳೆ ನೋಡುವುದಕ್ಕೂ ವರ್ಷವಿಡೀ ಹಣ ತೆಗೆದಿಡಬೇಕು.

ಎಂಜಿನಿಯರಿಂಗ್ ಓದುವ ಮಕ್ಕಳಿರುವ ತಂದೆತಾಯಿಗಳಿಗೂ ಒಂದು ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಂಡು ತರುವ ಬದಲು ಮಕ್ಕಳು ಒಂದು ದಿನ ಯಾವುದಾದರೂ ಹಳ್ಳಿಯ ದವಾಖಾನೆಯಲ್ಲಿ ಕುಳಿತು ನೋಡಲಿ. ಯಾವ ಯಂತ್ರ ಬೇಕೆಂಬುದನ್ನು ರೋಗಿಗಳೇ ಹೇಳಿಕೊಡುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ಅಲ್ಲಿಯವರೆಗೆ ಕಾಯಬೇಡಿ. ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ನೋಡಿಸಿಕೊಳ್ಳಿ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಮೂತ್ರದ ಸೋಂಕು ಅಥವಾ ವಿಪರೀತ ದುಡಿಮೆಯಿಂದಲೂ ಅದು ತಾತ್ಕಾಲಿಕವಾಗಿ ಏರಬಹುದು. ಆದ್ದರಿಂದ ಒಂದೇ ಸಲದ ಅಂಕಿಗೆ ಗಾಬರಿಯಾಗದೆ ಮತ್ತೊಮ್ಮೆ ಪರೀಕ್ಷಿಸಿ. ಯಂತ್ರ ತೋರಿದ ಅಂಕಿ ನೋಡಿ ನೀವಾಗಿಯೇ ಮಾತ್ರೆ ಬದಲಿಸಬೇಡಿ.

ಆ ಹೆಣ್ಣುಮಗಳು ಈಗಲೂ ನನ್ನಲ್ಲಿಗೆ ಬರುತ್ತಾರೆ. ಉಪ್ಪು ಕಡಿಮೆ ಮಾಡಿದ್ದಾರೆ, ಮಾತ್ರೆ ತಪ್ಪಿಸುವುದಿಲ್ಲ. ನಾನೂ ಒಂದು ರೂಢಿ ಬದಲಿಸಿಕೊಂಡಿದ್ದೇನೆ. ಚೀಟಿ ಬರೆದುಕೊಟ್ಟವರ ಹೆಸರನ್ನು ವಹಿಯಲ್ಲಿ ಗುರುತು ಹಾಕಿಟ್ಟು, ತಿಂಗಳಾದರೂ ಬಾರದಿದ್ದರೆ ಫೋನು ಮಾಡಿಸುತ್ತೇನೆ.