ಪರಸಿ ಕಲ್ಲಿನ ಪಾಠ

ಹಿಂದಿನ ವಾರ ಮನ್ನಳ್ಳಿಯಿಂದ ಅಣ್ಣನ ಮಗ ಫೋನು ಮಾಡಿದ್ದ. "ಕಾಕಾ, ಹಳೇ ಮನಿ ಗಚ್ಚು ಉದುರಲಕತ್ತದ. ಎಲ್ಲಾ ಕೆರೆದು ಸಿಮೆಂಟ್ ಗಿಲಾವು ಮಾಡಸ್ತೀನಿ" ಎಂದ. ಸ್ವಲ್ಪ ತಡೆ ಎಂದೆ. ಕಾರಣವನ್ನು ಫೋನಿನಲ್ಲಿ ವಿವರಿಸಲಾಗಲಿಲ್ಲ, ಏಕೆಂದರೆ ನಾನೇ ಕಲಿಸಿದ ಒಂದು ಪಾಠವನ್ನು ಮೊದಲು ಪೂರ್ತಿ ಮಾಡಬೇಕಿತ್ತು.

'ಸುಣ್ಣದ ಕಲ್ಲಿನ ಉಪಯೋಗ ತಿಳಿಸಿರಿ' ಎಂಬ ಪ್ರಶ್ನೆಗೆ ನಿಮ್ಮಲ್ಲಿ ಬಹಳ ಜನ 'ಸಿಮೆಂಟ್ ತಯಾರಿಕೆ' ಎಂದು ಬರೆದು ಪೂರ್ಣ ಅಂಕ ಪಡೆದಿದ್ದೀರಿ. ಉತ್ತರ ತಪ್ಪಲ್ಲ. ಆದರೆ ಸಿಮೆಂಟಿಗೆ ಮೊದಲು ನಮ್ಮವರು ಗೋಡೆಯನ್ನು ಹೇಗೆ ಕಟ್ಟುತ್ತಿದ್ದರೆಂದು ನಾನು ಕೇಳಲೇ ಇಲ್ಲ.

ತರಗತಿಯ ನೆಲದ ಮೇಲೆ ಆಮ್ಲದ ಹನಿ ಬಿಟ್ಟದ್ದು ನಿಮಗೆ ನೆನಪಿರಬಹುದು. ನೆಲದ ಪರಸಿ ಬುಸುಬುಸು ನೊರೆಗಟ್ಟಿತು, ಅಂಗಳದಿಂದ ತಂದ ಕರಿಕಲ್ಲು ಸುಮ್ಮನಿತ್ತು. (ಪರಸಿಯ ಮೇಲಿನ ಕಲೆಗೆ ಮುಖ್ಯೋಪಾಧ್ಯಾಯರಿಂದ ಬೈಗುಳವೂ ಸಿಕ್ಕಿತು.) ಆ ಪರಸಿ ಶಹಾಬಾದ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈಗಿನ ಭೀಮಾ ತೀರದ ಸೀಮೆಯಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ನುಣುಪು ಕೆಸರು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಅದುಮಿ ಕಲ್ಲಾಯಿತು. ಇದೇ ಪದರುಶಿಲೆ. ಪದರದ ಗುಂಟ ಬಿರಿಯುವುದರಿಂದಲೇ ಅದು ಹಲಗೆಯಂತೆ ಏಳುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಮೇಲೆ.

ನಮ್ಮ ಬೀದರಿನ ನೆಲವೇ ಬೇರೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಕರಿಕಲ್ಲಾಯಿತು. ಆ ಕರಿಕಲ್ಲು ಮಳೆಬಿಸಿಲಿಗೆ ಶಿಥಿಲವಾಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಉಳಿದು ಜಂಬಿಟ್ಟಿಗೆಯಾಯಿತು. ಬೀದರ ಕೆಂಪುಕಲ್ಲು ನೀರಿನ ತಳದಲ್ಲಿ ಕೂತು ಆದದ್ದಲ್ಲ. ಅದನ್ನು ಪದರುಶಿಲೆ ಎಂದು ಬರೆದವರಿಗೆ ನಾನು ಸೊನ್ನೆ ಕೊಟ್ಟದ್ದು ನ್ಯಾಯವೇ. ಆದರೂ ಎರೆಹೊಲದಲ್ಲಿ ಕುಂಟೆಗೆ ಸಿಗುವ ಬಿಳಿ ಹರಳುಗಳನ್ನು ನೋಡಿ: ಮಳೆನೀರು ಮಣ್ಣಿನ ಸುಣ್ಣವನ್ನು ಕರಗಿಸಿ ಒಯ್ದು, ಒಣಗುವಾಗ ಬಿಟ್ಟುಹೋದ ಗಂಟುಗಳವು. ಅಂಥ ಹರಳುಗಳನ್ನು ಸುಟ್ಟೂ ಸುಣ್ಣ ಮಾಡುತ್ತಿದ್ದರು.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಮರಳು ಬೆರೆಸಿ ಗೋಡೆಗೆ ಬಳಿದ ಮೇಲೆ, ಕಳೆದುಕೊಂಡ ಆ ಅನಿಲವನ್ನೇ ಗಾಳಿಯಿಂದ ಮರಳಿ ಪಡೆದು ನಿಧಾನವಾಗಿ ಪುನಃ ಕಲ್ಲಾಗುತ್ತದೆ. 1472ರಲ್ಲಿ ಮುಗಿದ ಮಹಮೂದ ಗಾವಾನರ ಮದರಸಾದ ಕಲ್ಲುಗಳನ್ನು ಹಿಡಿದಿರುವುದು ಈ ಗಚ್ಚು. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದದ್ದು 1824ರಲ್ಲಿ.

ಈಗ ನಮ್ಮ ಮನೆಯ ಗೋಡೆ. ಅದಕ್ಕೆ ಬುನಾದಿಯಲ್ಲಿ ತೇವ ತಡೆಯುವ ಪಟ್ಟಿಯಿಲ್ಲ. ನೆಲದ ನೀರು ಮೇಲೇರುತ್ತದೆ. ಗಚ್ಚಿನ ಸಣ್ಣ ರಂಧ್ರಗಳ ಮೂಲಕ ಆ ತೇವ ಆರುತ್ತದೆ. ಬಿಗಿಯಾದ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ನೀರಿನಲ್ಲಿನ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನೇ ಸಿಡಿಸುತ್ತದೆ. ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೆ ಬಳಿದ ಗಿಲಾವು ಮೂರು ಮಳೆಗಾಲದಲ್ಲಿ ಕಲ್ಲಿನ ಚಕ್ಕೆಗಳ ಸಮೇತ ಬಿದ್ದದ್ದನ್ನು ಕಂಡಿದ್ದೇನೆ.

ಸಿಮೆಂಟನ್ನು ನಾನು ಹಳಿಯುತ್ತಿಲ್ಲ. ನಾನು ಇರುವ ಮನೆ ಅದರದ್ದೇ. ಛಾವಣಿಗೆ, ನೀರಿನ ತೊಟ್ಟಿಗೆ ಅದೇ ಬೇಕು. ಗಚ್ಚಿನ ಕೆಲಸ ನಿಧಾನ, ಬಲ್ಲ ಗೌಂಡಿಗಳೂ ವಿರಳ ಎಂಬ ಅವನ ಮಾತು ನಿಜ. ಆದರೆ ಸುಣ್ಣದಿಂದ ಕಟ್ಟಿದ ಗೋಡೆಯನ್ನು ಸುಣ್ಣದಿಂದಲೇ ದುರಸ್ತಿ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮಾಳಿಗೆಯ ಸೋರಿಕೆ ನಿಲ್ಲಿಸಲಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಗಟಾರ ತೋಡಿಸಲಿ. ಉದುರಿದಷ್ಟು ಭಾಗಕ್ಕೆ ಮಾತ್ರ ಗಚ್ಚು ಬಳಿದರೆ ಸಾಕು.

ದಸರೆಯ ತನಕ ಕೆಲಸ ಹಿಡಿಯುವುದಿಲ್ಲವೆಂದು ಒಪ್ಪಿದ್ದಾನೆ. ಅಷ್ಟರೊಳಗೆ ಬೀದರ, ಭಾಲ್ಕಿ, ಔರಾದ ಕಡೆ ಗಚ್ಚು ಅರೆದು ಬಳಿಯಬಲ್ಲ ಗೌಂಡಿ ಯಾರಿಗಾದರೂ ಗೊತ್ತಿದ್ದರೆ ನನಗೆ ತಿಳಿಸಿರಿ.