ಮಂಗಳೂರಿಗೆ ಹೋಗಲು ಬೆಂಗಳೂರನ್ನು ಯಾಕೆ ಸುತ್ತಬೇಕು?

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ಕಲಬುರಗಿಯಿಂದ ಮಂಗಳೂರಿಗೆ ನೇರ ವಿಮಾನ ಕೊಡಿ ಎಂದು ಕೇಳಲು ಈ ಪತ್ರ. ಇದು ಒಂದು ಊರಿನ ಬೇಡಿಕೆಯಂತೆ ಕಂಡೀತು. ಆದರೆ ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಉಡಾನ್ ಯೋಜನೆ ಎಲ್ಲಿ ಎಡವುತ್ತಿದೆ ಎಂಬುದೂ ಇದರಲ್ಲೇ ಇದೆ.

ನೇರ ಗೆರೆ ಎಳೆದರೆ ಈ ಎರಡು ನಿಲ್ದಾಣಗಳ ನಡುವೆ ಸುಮಾರು 530 ಕಿ.ಮೀ. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದ ಎಟಿಆರ್ ವಿಮಾನಕ್ಕೆ, ಏರಿಳಿಯುವ ಹೊತ್ತು ಸೇರಿಸಿದರೂ, ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಬೆಂಗಳೂರಿನ ಮೂಲಕ ಹೋದರೆ ದಕ್ಷಿಣಕ್ಕೆ ಸುಮಾರು 460, ಅಲ್ಲಿಂದ ಪಶ್ಚಿಮಕ್ಕೆ 305, ಒಟ್ಟು 765 ಕಿ.ಮೀ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ. ಹೆಚ್ಚಿನ 235 ಕಿ.ಮೀ. ವಿಮಾನಕ್ಕೆ ಅರ್ಧ ಗಂಟೆಯ ಮಾತು, ಅದು ದೊಡ್ಡದಲ್ಲ. ದಿನ ನುಂಗುವುದು ಮುಂದಿನ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಕಾಯುವ ಹೊತ್ತು. ಅದೂ ಇಲ್ಲಿಂದ ಬೆಂಗಳೂರಿಗೆ ವಿಮಾನ ಇದ್ದಾಗಿನ ಲೆಕ್ಕ.

ಪ್ರಯಾಣಿಕರು ಎಲ್ಲಿದ್ದಾರೆ ಎಂದು ಕೇಳಬಹುದು. ಕಾಲೇಜು ಶುರುವಾಗುವ ದಿನಗಳಲ್ಲಿ ನಮ್ಮ ಬಸ್ ನಿಲ್ದಾಣಕ್ಕೆ ಬನ್ನಿ. ಕರಾವಳಿಯ ಪಿಯು, ವೈದ್ಯಕೀಯ ಕಾಲೇಜುಗಳಿಗೆ ಮಕ್ಕಳನ್ನು ಬಿಡಲು ಹೊರಟವರು ಟ್ರಂಕು, ಸುತ್ತಿದ ಗಾದಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಇಟ್ಟುಕೊಂಡು ರಾತ್ರಿ ಬಸ್ಸಿಗೆ ಕಾದಿರುತ್ತಾರೆ. ಚಿಕಿತ್ಸೆಗೆ ಹೋಗುವವರು, ಧರ್ಮಸ್ಥಳಕ್ಕೆ ಹೋಗುವವರು ಬೇರೆ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ಇವರೆಲ್ಲರ ಗತಿ ದೇವರಿಗೇ ಪ್ರೀತಿ. ಇತ್ತ 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ನಮ್ಮ ನಿಲ್ದಾಣದಲ್ಲಿ ಮೂರು ಕಿ.ಮೀ.ಗೂ ಉದ್ದದ ರನ್‌ವೇ ಬಿಸಿಲು ಕಾಯುತ್ತಿದೆ.

ಉಡಾನ್ ಶುರುವಾದಾಗ ಸುಮಾರು 500 ಕಿ.ಮೀ.ಯ ಒಂದು ಗಂಟೆ ಹಾರಾಟಕ್ಕೆ ರಿಯಾಯಿತಿ ಸೀಟಿನ ದರ 2,500 ರೂಪಾಯಿ ಎಂದಿತ್ತು. ನಷ್ಟ ತುಂಬಿಕೊಡುವ ಸಹಾಯಧನ ಮಾತ್ರ ಮೂರೇ ವರ್ಷ. ಯೋಜನೆಯ ಗತಿ ಏನಾಯಿತೆಂದು ಮಹಾಲೇಖಪಾಲರ 2023ರ ವರದಿ ಹೇಳಿದೆ: ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಆಮೇಲೂ ಉಳಿದದ್ದು 54.

ಮಹಾನಗರಕ್ಕೆ ಒಂದು ವಿಮಾನ ಬಿಟ್ಟರೆ ಸಣ್ಣ ಊರಿಗೆ ಸಂಪರ್ಕ ಸಿಕ್ಕಿತು ಎಂದು ಲೆಕ್ಕ ಬರೆಯುವುದು ಸಾಲದು. ಬೆಂಗಳೂರಿಗೆ ನಮಗೆ ರಾತ್ರಿ ರೈಲುಂಟು, ಹತ್ತಿ ಮಲಗಿದರೆ ಬೆಳಿಗ್ಗೆ ಊರು. ವಿಮಾನ ನಿಜವಾಗಿ ಹೊತ್ತು ಉಳಿಸುವುದು ನೆಲದ ದಾರಿ ಕಷ್ಟವಾಗಿರುವ ಕಡೆ.

ಆದ್ದರಿಂದ ನಮ್ಮ ಕೋರಿಕೆ ಮೂರು. ಮಾರ್ಗ ಆರಿಸುವಾಗ ಕಿಲೋಮೀಟರ್ ಜೊತೆಗೆ ಪ್ರಯಾಣಿಕನಿಗೆ ಉಳಿಯುವ ಗಂಟೆಗಳನ್ನೂ ಎಣಿಸಿ. ಸಹಾಯಧನವನ್ನು ಮೂರು ವರ್ಷಕ್ಕೆ ಒಮ್ಮೆಲೇ ಕಡಿಯದೆ ಹಂತಹಂತವಾಗಿ ಇಳಿಸಿ. 2025ರ ಬಜೆಟ್ಟಿನಲ್ಲಿ 120 ಹೊಸ ಊರುಗಳಿಗೆ ಉಡಾನ್ ವಿಸ್ತರಿಸುವುದಾಗಿ ನಿಮ್ಮ ಸರ್ಕಾರ ಹೇಳಿದೆ. ಹೊಸ ಊರು ಹುಡುಕುವ ಮೊದಲು, ಈಗಾಗಲೇ ಕಟ್ಟಿರುವ ಎರಡು ನಿಲ್ದಾಣಗಳ ನಡುವೆ ವಾರಕ್ಕೆ ಮೂರು ದಿನವಾದರೂ ವಿಮಾನ ಓಡಿಸಲು ಮುಂದಿನ ಬಿಡ್ಡಿಂಗ್‌ನಲ್ಲಿ ಕಲಬುರಗಿ–ಮಂಗಳೂರು ಮಾರ್ಗವನ್ನು ಸೇರಿಸಿ. ಆಗದು ಎನ್ನುವುದಾದರೆ, ಯಾವ ಲೆಕ್ಕದ ಮೇಲೆ ಆಗದು ಎಂದು ಜನರಿಗೆ ತಿಳಿಸಿ.

ಇಂತಿ,
ಕಲಬುರಗಿಯ ಒಬ್ಬ ನಾಗರಿಕ